ದಾರಿ ಹುಡುಕದೆ ದೂರ ಹೇಳುವುದು

ಕೇಳುಗರೇ, ನಮಸ್ಕಾರ.

ಕೊರಿಯರ್ ಹುಡುಗನೊಬ್ಬ ಆಫೀಸಿನಿಂದ ಹೊರಟು, 14 ಮನೆಗೆ ಪಾರ್ಸೆಲ್ ಕೊಟ್ಟು ವಾಪಸ್ ಬರಬೇಕು. ಯಾವ ಮನೆ ಮೊದಲು, ಯಾವುದು ಆಮೇಲೆ? 4,358 ಕೋಟಿಗೂ ಜಾಸ್ತಿ ಬಗೆಯಲ್ಲಿ ಸುತ್ತಬಹುದು. ಅದರಲ್ಲಿ ಅತಿ ಹತ್ತಿರದ ದಾರಿ ಹುಡುಕುವುದೇ ಹೆಸರಾದ ‘ಟ್ರಾವೆಲಿಂಗ್ ಸೇಲ್ಸ್‌ಮನ್’ ಸಮಸ್ಯೆ.

ಆದರೆ ಎಷ್ಟೋ ಸಲ ನಮಗೆ ದಾರಿ ಬೇಕಿಲ್ಲ. ಎಷ್ಟು ಕಿಲೋಮೀಟರ್ ಆಗುತ್ತೆ ಅಂತ ಗೊತ್ತಾದರೆ ಸಾಕು. ಪೆಟ್ರೋಲ್ ಲೆಕ್ಕ ಹಾಕೋಕೆ ಅಷ್ಟೇ ತಾನೇ ಬೇಕು?

ಈ ಪ್ರಶ್ನೆ ಬಂಗಾಳದ ಸೆಣಬಿನ ಹೊಲದಲ್ಲೂ ಎದ್ದಿತ್ತು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಲನೋಬಿಸ್ ಅಲ್ಲಿ ಬೆಳೆಯ ಸಮೀಕ್ಷೆ ನಡೆಸುತ್ತಿದ್ದರು. ಅಲ್ಲೊಂದು ಇಲ್ಲೊಂದು ಜಾಗ ಆರಿಸಿ, ಜನ ಹೋಗಿ ನೋಡಿ ಬರಬೇಕು. ಜಾಗ ಹೆಚ್ಚಾದಷ್ಟೂ ಓಡಾಟದ ಖರ್ಚು ಎಷ್ಟು ಏರುತ್ತೆ? 1940ರಲ್ಲಿ ಅವರು ಬರೆದದ್ದು ಇಷ್ಟು: ಓಡಾಟ ಹೆಚ್ಚುಕಡಿಮೆ ಜಾಗಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ಜಾಗ ನಾಲ್ಕು ಪಟ್ಟಾದರೆ ನಡಿಗೆ ಎರಡೇ ಪಟ್ಟು!

ಯಾಕೆ ಹೀಗೆ? ಅದೇ ಊರಿನೊಳಗೆ ಮನೆಗಳು ಹೆಚ್ಚಿದರೆ ಒಂದಕ್ಕೊಂದು ಹತ್ತಿರವಾಗುತ್ತವೆ, ಅಲ್ವಾ? ನಾಲ್ಕು ಪಟ್ಟು ಮನೆ, ಆದರೆ ನಡುವಿನ ದೂರ ಅರ್ಧ.

1959ರಲ್ಲಿ ಬಿಯರ್ಡ್‌ವುಡ್, ಹಾಲ್ಟನ್, ಹ್ಯಾಮರ್ಸ್ಲಿ ಎಂಬ ಮೂವರು ಗಣಿತಜ್ಞರು ಇದಕ್ಕೆ ಗಟ್ಟಿ ರುಜುವಾತು ಕೊಟ್ಟರು. ಮನೆಗಳ ಸಂಖ್ಯೆಯನ್ನು ಊರಿನ ವಿಸ್ತೀರ್ಣದಿಂದ ಗುಣಿಸಿ, ವರ್ಗಮೂಲ ತೆಗೆದು, ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದರೆ ಆಯಿತು. ಆ ಸಂಖ್ಯೆ ಸುಮಾರು 0.7124 ಅಂತ ಆಮೇಲೆ ಕಂಪ್ಯೂಟರ್ ಲೆಕ್ಕಗಳಿಂದ ತಿಳಿಯಿತು. 25 ಚದರ ಕಿಲೋಮೀಟರ್‌ನಲ್ಲಿ ಚದುರಿದ 100 ಮನೆಗೆ ಸುಮಾರು 36 ಕಿಲೋಮೀಟರ್ ಬರುತ್ತದೆ. ನಿಜದಲ್ಲಿ 39ರ ಹತ್ತಿರ ಬೀಳುತ್ತೆ, ಮನೆ ಕಡಿಮೆ ಇದ್ದಾಗ ಊರಂಚಿನ ಓಡಾಟ ಸ್ವಲ್ಪ ಜಾಸ್ತಿ. ಇದು ಹಕ್ಕಿ ಹಾರುವ ದೂರ. ಮೇನು, ಕ್ರಾಸು ಅಂತ ಚೌಕವಾಗಿ ಕಟ್ಟಿದ ಬಡಾವಣೆಯಲ್ಲಿ ಇನ್ನೂ ಶೇಕಡ 30ರಷ್ಟು ಸೇರಿಸಿಕೊಳ್ಳಿ.

ನನಗೆ ಇಲ್ಲಿಂದ ಮುಂದೆಯೇ ಹೆಚ್ಚು ಕುತೂಹಲ. 100 ಪಾರ್ಸೆಲ್ ಒಂದೇ ಬೈಕಿಗೆ ಹಿಡಿಸುವುದಿಲ್ಲ. ಸಲಕ್ಕೆ 10 ಅಂತಿಟ್ಟುಕೊಳ್ಳಿ. ಗೋದಾಮು 10 ಕಿಲೋಮೀಟರ್ ದೂರ. 10 ಸಲ ಹೋಗಿಬಂದರೆ ಅದೇ 200 ಕಿಲೋಮೀಟರ್! ಮನೆಯಿಂದ ಮನೆಗೆ ತಿರುಗುವ ದೂರ ಅದರ ಮುಂದೆ ಏನೂ ಅಲ್ಲ. ಈ ಎರಡು ಭಾಗಗಳನ್ನು ಬೇರೆಬೇರೆಯಾಗಿ ಕೂಡಿಸುವ ಸೂತ್ರವನ್ನು 1984ರಲ್ಲಿ ಸಾರಿಗೆ ಸಂಶೋಧಕ ಕಾರ್ಲೋಸ್ ಡಗಾಂಜೊ ಕೊಟ್ಟರು.

ಹೀಗಿರುವಾಗ ಮನೆಗಳ ಸರದಿಯನ್ನು ಎಷ್ಟು ಜಾಣತನದಿಂದ ಹೊಂದಿಸಿದರೂ ಉಳಿಯುವುದು ಅಷ್ಟಕ್ಕಷ್ಟೇ. ಗೋದಾಮನ್ನು 5 ಕಿಲೋಮೀಟರ್ ಹತ್ತಿರ ತಂದರೆ, ಯಾವ ಸುತ್ತಿನ ಸರದಿಯನ್ನೂ ಹೊಸದಾಗಿ ಹೊಂದಿಸದೆಯೇ 100 ಕಿಲೋಮೀಟರ್ ಉಳಿಯುತ್ತದೆ. ಬಾಡಿಗೆ ಜಾಸ್ತಿಯಾಗುತ್ತೆ, ನಿಜ. ಆ ಬಾಡಿಗೆಯನ್ನೂ ಈ 100 ಕಿಲೋಮೀಟರ್‌ನ ಪೆಟ್ರೋಲನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಒಂದು ಚೀಟಿ, ಒಂದು ಪೆನ್ನು ಸಾಕು.

ನಮಸ್ಕಾರ.