ಅಮ್ಮನ ಜೊತೆ ಬ್ರಾಡ್‌ವೇ: ಹತ್ತು ಡಾಲರ್ ಟಿಕೆಟ್, ಒಂದು ಮಧ್ಯಾಹ್ನ

ಮೊದಲೇ ಹೇಳಿಬಿಡ್ತೀನಿ. ಈ ವ್ಲಾಗ್‌ನಲ್ಲಿ ನಿಮಗೆ ತೋರಿಸಲೇಬೇಕಾದ ಜಾಗದ್ದು ಒಂದು ಸೆಕೆಂಡ್ ವಿಡಿಯೊ ಕೂಡ ನನ್ನ ಹತ್ರ ಇಲ್ಲ. ಶೋ ಶುರುವಾದ ಮೇಲೆ ಒಳಗೆ ಶೂಟ್ ಮಾಡೋ ಹಾಗಿಲ್ಲ. ಅದಕ್ಕೇ ಬಸ್ಸು, ಬೀದಿ, ಬೋರ್ಡುಗಳು, ಅಮ್ಮನ ಸ್ವೆಟರ್ರು, ಇಷ್ಟನ್ನೇ ನೋಡ್ತಾ ಇರಿ. ಮಿಕ್ಕಿದ್ದು ನಾನು ಬಾಯಲ್ಲಿ ಹೇಳ್ತೀನಿ.

ನಾವಿರೋದು ನ್ಯೂಜೆರ್ಸಿಯಲ್ಲಿ. ಅಮ್ಮ ಶ್ರೀರಂಗಪಟ್ಟಣದಿಂದ ಬಂದು ಎರಡು ತಿಂಗಳಾಯ್ತು. ಬ್ರಾಡ್‌ವೇ ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕಗಳ ಲೋಕ. ಅಲ್ಲಿ ನಡೆಯೋ 'ಹ್ಯಾಮಿಲ್ಟನ್' ಅನ್ನೋ ಮ್ಯೂಸಿಕಲ್‌ಗೆ, ಅಂದ್ರೆ ಹಾಡಿನಲ್ಲೇ ಕಥೆ ಹೇಳೋ ನಾಟಕಕ್ಕೆ, ಆ್ಯಪ್‌ನಲ್ಲಿ ಒಂದು ಲಾಟರಿ ಇದೆ. ಗೆದ್ರೆ ಟಿಕೆಟ್ಟಿಗೆ 10 ಡಾಲರ್, ಇಲ್ಲಾಂದ್ರೆ ನೂರಾರು ಡಾಲರ್ ಕೊಡ್ಬೇಕು. ಹತ್ತೇ ಯಾಕೆ ಅಂದ್ರೆ, ನಾಟಕ ಇರೋದು ಅಮೆರಿಕ ದೇಶವನ್ನ ಕಟ್ಟಿದವರಲ್ಲಿ ಒಬ್ಬನಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬಗ್ಗೆ, ಅಮೆರಿಕದ 10 ಡಾಲರ್ ನೋಟಿನ ಮೇಲಿರೋ ಮುಖ ಅವನದೇ. ವಾರವಾರವೂ ಹೆಸರು ಹಾಕ್ತಿದ್ದೆ, ವಾರವಾರವೂ 'ಸಾರಿ' ಅಂತ ಬರ್ತಿತ್ತು. ಅಮ್ಮ ಬಂದ ಮೇಲೆ ಬಂತು ನೋಡಿ, ಎರಡು ಟಿಕೆಟ್! ನಮ್ಮನೆಯವರಿಗೆ ಏನೂ ಬೇಜಾರಾಗಲಿಲ್ಲ. ಅವರದ್ದು ಒಂದೇ ತಕರಾರು: "ಚೆನ್ನಾಗಿ ಮಾತಾಡ್ತಾ ಇದ್ದವರು ಇದ್ದಕ್ಕಿದ್ದಂಗೆ ಯಾಕೆ ಹಾಡ್ತಾರೆ?" ಕಂಪನಿ ನಾಟಕ ನೋಡಿ ಬೆಳೆದ ಅಮ್ಮನಿಗೆ ಈ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಹಾಡ್ದೆ ಇನ್ನೇನ್ ಮಾಡ್ತಾರೆ? ನಾಟ್ಕ ಅಲ್ವಾ?"

ಇದು 42ನೇ ಬೀದಿಯ ಬಸ್ ಟರ್ಮಿನಲ್. ಇಲ್ಲಿಂದ ನಡೆದೇ ಹೋಗ್ತೀವಿ. ಬ್ರಾಡ್‌ವೇ ಅಂದ್ರೆ ಆ ಹೆಸರಿನ ರಸ್ತೆ ಮೇಲೆ ಸಾಲಾಗಿ ಥಿಯೇಟರ್ ಇರುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಹೆಚ್ಚಿನವು ಅಕ್ಕಪಕ್ಕದ ಅಡ್ಡರಸ್ತೆಗಳಲ್ಲಿವೆ. ಲೆಕ್ಕ ಇರೋದು ಕುರ್ಚಿಗಳಲ್ಲಿ: 500 ಸೀಟು ಅಥವಾ ಅದಕ್ಕಿಂತ ಮೇಲಿದ್ರೆ ಬ್ರಾಡ್‌ವೇ, 100ರಿಂದ 499 ಇದ್ರೆ ಆಫ್-ಬ್ರಾಡ್‌ವೇ. ಒಟ್ಟು 41 ಥಿಯೇಟರ್.

ಈ ಮ್ಯೂಸಿಕಲ್‌ಗಳೆಲ್ಲ ಶುರುವಾಗಿದ್ದು ಎಲ್ಲಿಂದ? 1866ರ 'ದ ಬ್ಲ್ಯಾಕ್ ಕ್ರೂಕ್' ಅಂತಾರೆ ಹಲವರು. ಅದರ ಹಿಂದೆ ಒಂದು ಮಜವಾದ ಕಥೆ ಇದೆ. ಪ್ಯಾರಿಸ್ಸಿಂದ ಒಂದು ಬ್ಯಾಲೆ ತಂಡ ನ್ಯೂಯಾರ್ಕಿಗೆ ಬರುತ್ತೆ. ಅವರು ಕುಣೀಬೇಕಿದ್ದ ಥಿಯೇಟರ್ ಸುಟ್ಟು ಹೋಗಿರುತ್ತೆ. ಇನ್ನೊಂದು ಥಿಯೇಟರ್‌ನವನ ಹತ್ರ ಒಂದು ಸಪ್ಪೆ ಭೂತಪ್ರೇತದ ನಾಟಕ ಇರುತ್ತೆ. ಎರಡನ್ನೂ ಕಲಸಿ ಒಂದು ಮಾಡಿದ್ರು. ಮೊದಲ ದಿನದ ಪ್ರದರ್ಶನ ಐದೂವರೆ ಗಂಟೆ ನಡೀತಂತೆ! 474 ಪ್ರದರ್ಶನ ಕಂಡಿತು. ಜನ ಬಂದದ್ದು ಕಥೆಗಲ್ಲ, ಬಿಗಿ ಉಡುಪಿನ ನರ್ತಕಿಯರನ್ನ ನೋಡೋಕೆ. ನನ್ನನ್ನ ಕೇಳಿದ್ರೆ ಅದು ಮ್ಯೂಸಿಕಲ್ ಅಲ್ಲ, ಚಿತ್ರಾನ್ನ. ಆಮೇಲೂ ಎಷ್ಟೋ ವರ್ಷ ಹಾಡು ಅಂದ್ರೆ ನಾಟಕಕ್ಕೆ ಮುಡಿಸಿದ ಹೂವಿನ ಹಾಗೆ. ಈ ನಾಟಕದಿಂದ ತೆಗೆದು ಆ ನಾಟಕಕ್ಕೆ ಇಟ್ರೂ ಯಾರೂ ಕೇಳ್ತಿರಲಿಲ್ಲ.

ಅದನ್ನ ಬದಲಾಯಿಸಿದವರಲ್ಲಿ ಒಂದು ಹೆಸರು ಮಾತ್ರ ನೆನಪಿಟ್ಕೊಳ್ಳಿ. ಆಸ್ಕರ್ ಹ್ಯಾಮರ್‌ಸ್ಟೈನ್, ಹಾಡು ಬರೆಯೋರು. 1927ರಲ್ಲಿ ಜೆರೋಮ್ ಕರ್ನ್ ಅವರ ಸಂಗೀತಕ್ಕೆ 'ಶೋ ಬೋಟ್' ಬರೆದ್ರು. ಪರದೆ ಎದ್ದಾಗ ಬೆಡಗಿಯರ ಸಾಲು ಕಾಣಲಿಲ್ಲ, ಮಿಸಿಸಿಪಿ ನದಿ ದಂಡೆಯಲ್ಲಿ ಹತ್ತಿ ಮೂಟೆ ಹೊರೋ ಕರಿಯ ಕೂಲಿಗಳು ಕಂಡ್ರು.

ಈಗ ಕಾಣ್ತಿರೋದು 44ನೇ ಬೀದಿಯ ಸೇಂಟ್ ಜೇಮ್ಸ್ ಥಿಯೇಟರ್. ಇಲ್ಲಿ ಸ್ವಲ್ಪ ನಿಂತ್ಕೋತೀವಿ. 1943ರ ಮಾರ್ಚ್ 31, ಯುದ್ಧದ ಕಾಲ. ಹ್ಯಾಮರ್‌ಸ್ಟೈನ್ ಈಗ ಸಂಗೀತ ಸಂಯೋಜಕ ರಿಚರ್ಡ್ ರಾಜರ್ಸ್ ಜೊತೆ ಸೇರಿದಾರೆ. ನಾಟಕ 'ಒಕ್ಲಹೋಮಾ!'. ಪರದೆ ಏಳುತ್ತೆ. ರಂಗದ ಮೇಲೆ ಒಬ್ಬಳು ಹೆಂಗಸು ಕೂತು ಬೆಣ್ಣೆ ಕಡೀತಾ ಇದಾಳೆ. ಬೇರೆ ಯಾರೂ ಇಲ್ಲ. ದೂರದಿಂದ, ವಾದ್ಯ ಕೂಡ ಇಲ್ಲದೆ, ಒಬ್ಬ ಕೌಬಾಯ್ ಬೆಳಗಿನ ಬಗ್ಗೆ ಹಾಡ್ಕೊಂಡು ಬರ್ತಾನೆ. ಅಷ್ಟೇ! ಇದೊಂದು ದೊಡ್ಡ ಕ್ರಾಂತಿ ಅಂತ ಪುಸ್ತಕಗಳೆಲ್ಲ ಬರೀತಾವೆ. ಒಟ್ಟು 2,212 ಪ್ರದರ್ಶನ ಆಯ್ತು. ನಾನು ಬಹಳ ಉತ್ಸಾಹದಿಂದ ಅಮ್ಮನಿಗೆ ಹೇಳಿದೆ.

ಅಮ್ಮ ಬೋರ್ಡ್ ನೋಡ್ತಾನೇ, "ಮಜ್ಜಿಗೆ ಕಡ್ಯೋವಾಗ ಹಾಡು ಬರದೆ ಇನ್ಯಾವಾಗ ಬರುತ್ತೆ ಕಣೇ?" ಅಂದ್ರು.

ನಗು ಬಂತು. ಆದ್ರೆ ನೋಡಿ, ವಿಷಯ ಇರೋದೇ ಅಲ್ಲಿ. ಆ ಹೊತ್ತಿಗೆ, ಆ ಮನುಷ್ಯನಿಗೆ, ಆ ಹಾಡು ಬರಲೇಬೇಕು ಅನ್ನಿಸಬೇಕು. ಆ ಹಾಡನ್ನ ಕಿತ್ತು ಬೇರೆ ಕಡೆ ಇಟ್ರೆ ಅದು ಬಾಡಬೇಕು. ನಮ್ಮನೆಯವರ ತಕರಾರಿಗೆ ಉತ್ತರವೂ ಇದೇ. ಇದ್ದಕ್ಕಿದ್ದಂಗೆ ಹಾಡಿದ ಹಾಗೆ ಅನ್ನಿಸಿದ್ರೆ ತಪ್ಪು ಬರೆದವರದ್ದು.

ಈ ಪಾಠ ಮುಂದಿನವರಿಗೆ ಹೋದ ಬಗೆ ನನಗೆ ತುಂಬ ಇಷ್ಟ. ಪೆನ್ಸಿಲ್ವೇನಿಯಾದಲ್ಲಿ ಹ್ಯಾಮರ್‌ಸ್ಟೈನ್ ಅವರ ತೋಟದ ಮನೆ. ಹತ್ತಿರದಲ್ಲೇ ಒಬ್ಬ ಹುಡುಗ, ಮುಂದೆ ಬ್ರಾಡ್‌ವೇಯ ದೊಡ್ಡ ಹೆಸರಾದ ಸ್ಟೀಫನ್ ಸಾಂಡ್‌ಹೈಮ್. ಅಪ್ಪ ಅಮ್ಮ ಬೇರೆಯಾಗಿದ್ರು, ಹುಡುಗ ಹೆಚ್ಚುಕಮ್ಮಿ ಇವರ ಮನೆಯಲ್ಲೇ ಬೆಳೆದ. ಹದಿನೈದನೇ ವಯಸ್ಸಲ್ಲಿ ಸ್ಕೂಲಿಗೆ ಅಂತ ಒಂದು ಮ್ಯೂಸಿಕಲ್ ಬರೆದು ತಂದ. ಗುರುತು ಪರಿಚಯ ಇಲ್ಲದವನು ಬರೆದದ್ದು ಅಂದ್ಕೊಂಡು ಓದಿ, ಅಂತ ಕೊಟ್ಟ. ಅವರು ಹಾಗೇ ಓದಿದ್ರು. ಇದು ಬಹಳ ಕೆಟ್ಟದಾಗಿದೆ ಅಂದ್ರು. ನಿನ್ನಲ್ಲಿ ಪ್ರತಿಭೆ ಇಲ್ಲ ಅಂತಲ್ಲ, ಆದ್ರೆ ಯಾಕೆ ಕೆಟ್ಟದಾಗಿದೆ ಹೇಳ್ತೀನಿ ಬಾ ಅಂತ ಕೂರಿಸ್ಕೊಂಡು, ಆ ಮಧ್ಯಾಹ್ನ ಪೂರ್ತಿ ಮೊದಲ ಸಾಲಿಂದ ಬಿಡಿಸಿ ಬಿಡಿಸಿ ತೋರಿಸಿದ್ರು. ಜೀವನಪೂರ್ತಿ ಕಲಿಯೋದನ್ನ ಅವತ್ತೊಂದೇ ದಿನ ಕಲಿತೆ ಅಂತ ಸಾಂಡ್‌ಹೈಮ್ ಮುದುಕರಾದ ಮೇಲೂ ಹೇಳ್ತಿದ್ರು. ಆಮೇಲೆ ನಾಲ್ಕು ಮ್ಯೂಸಿಕಲ್ ಬರಿ ಅಂತ ಮನೆಗೆಲಸ ಬೇರೆ. ಇಷ್ಟವಾದ ನಾಟಕದಿಂದ ಒಂದು, ಕೊರತೆ ಇರೋ ನಾಟಕದಿಂದ ಒಂದು, ನಾಟಕವೇ ಅಲ್ಲದ ಕಥೆಯಿಂದ ಒಂದು, ಸ್ವಂತದ್ದು ಒಂದು. 1957ರ 'ವೆಸ್ಟ್ ಸೈಡ್ ಸ್ಟೋರಿ'ಗೆ ಬರೀ ಸಾಹಿತ್ಯ ಬರೆಯೋಕೆ ಕರೆದಾಗ, ನನಗೆ ಸಂಗೀತಾನೂ ಬೇಕು ಅಂತ ಮುನಿಸ್ಕೊಂಡ ಹುಡುಗನನ್ನ ಒಪ್ಪಿಸಿದವರೂ ಇವರೇ.

2009ರಲ್ಲಿ ಅದೇ 'ವೆಸ್ಟ್ ಸೈಡ್ ಸ್ಟೋರಿ' ಮತ್ತೆ ರಂಗಕ್ಕೆ ಬಂದಾಗ ಕೆಲವು ಹಾಡುಗಳನ್ನ ಸ್ಪ್ಯಾನಿಷ್‌ಗೆ ತಂದ ಯುವಕ ಲಿನ್-ಮ್ಯಾನುಯೆಲ್ ಮಿರಾಂಡಾ. ಮುಂದೆ ಅವನು ಬರೆದದ್ದೇ 'ಹ್ಯಾಮಿಲ್ಟನ್'. ಬರೀತಾ ಬರೀತಾ ಸಾಂಡ್‌ಹೈಮ್‌ಗೆ ತೋರಿಸಿದ್ನಂತೆ. ಸಂಗೀತ ಕಛೇರಿಯಲ್ಲಿ ಗುರುಪರಂಪರೆ ಹೇಳ್ತಾರಲ್ಲ, ಹಾಗೆ ಹೇಳಬಹುದು ಇವರದ್ದನ್ನೂ.

ಬಂತು, 46ನೇ ಬೀದಿ. ಬೋರ್ಡ್ ಓದಿ: ರಿಚರ್ಡ್ ರಾಜರ್ಸ್ ಥಿಯೇಟರ್. ಹೌದು, ಅದೇ ರಾಜರ್ಸ್. ಅವರೂ ಹ್ಯಾಮರ್‌ಸ್ಟೈನೂ 1949ರಲ್ಲಿ 'ಸೌತ್ ಪೆಸಿಫಿಕ್' ಮಾಡಿದ್ರು. ಬೇರೆ ಬಣ್ಣದವರನ್ನ ದ್ವೇಷಿಸೋದನ್ನ ಮಕ್ಕಳಿಗೆ ಎಳವೆಯಲ್ಲೇ ಕಲಿಸಿಕೊಡಬೇಕಾಗುತ್ತೆ ಅನ್ನೋ ಚುಚ್ಚೋ ಹಾಡೊಂದು ಅದರಲ್ಲಿದೆ, ಆಗ ಅದಕ್ಕೆ ವಿರೋಧವೂ ಬಂದಿತ್ತು. 'ಹ್ಯಾಮಿಲ್ಟನ್' ಮೊದಲ ಅಂಕದಲ್ಲಿ, ರ್‍ಯಾಪ್ ಮಧ್ಯೆ, ಆ ಹಾಡಿನ ಒಂದು ಸಾಲು ಹಾದು ಹೋಗುತ್ತೆ. ರಾಜರ್ಸ್ ಹೆಸರಿನ ಛಾವಣಿ ಕೆಳಗೇ. ಕಾದು ಕೂತಿದ್ದು ಕೇಳಿಸ್ಕೊಂಡೆ.

ಇಲ್ಲಿಂದ ಕಪ್ಪು ಸ್ಕ್ರೀನ್. ಕ್ಷಮಿಸಿ.

ಅಮ್ಮನಿಗೆ ಆ ವೇಗದ ಇಂಗ್ಲಿಷ್ ಅರ್ಧಕ್ಕರ್ಧ ಸಿಗಲಿಲ್ಲ. ತಿರುಗೋ ರಂಗ ನೋಡ್ತಿದ್ರು, ಬೆಳಕು ನೋಡ್ತಿದ್ರು. ಆಮೇಲೆ ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆ ಬಂದ. ಕಿರೀಟ, ಉದ್ದನೆ ನಿಲುವಂಗಿ, ಅಲ್ಲಾಡದೆ ನಿಂತ್ಕೊಂಡು, ಬಿಟ್ಟು ಹೋಗ್ತಿರೋ ಅಮೆರಿಕಕ್ಕೆ ಹಳೇ ಬ್ರಿಟಿಷ್ ಪಾಪ್ ಹಾಡಿನ ಧಾಟಿಯಲ್ಲಿ ಪ್ರೇಮಗೀತೆ ಹಾಡ್ತಾನೆ: ಹೋಗ್ತೀಯಾ, ಹೋಗು, ಮತ್ತೆ ಬಂದೇ ಬರ್ತೀಯ. ಮಿಕ್ಕವರೆಲ್ಲ ಓಡ್ತಾ ರ್‍ಯಾಪ್ ಮಾಡುವಾಗ ಇವನೊಬ್ಬನೇ ಹಳೇ ರಾಗದಲ್ಲಿ ಸಿಕ್ಕಿಹಾಕ್ಕೊಂಡಿದಾನೆ. ಅವನ ರಾಜಕೀಯವೆಲ್ಲ ಆ ಧಾಟಿಯಲ್ಲೇ ಇದೆ. ಅಮ್ಮನಿಗೆ ತರ್ಜುಮೆ ಬೇಕಾಗಲಿಲ್ಲ, ಬಿದ್ದು ಬಿದ್ದು ನಕ್ಕರು. ಹಾಡು ಮುಗಿದಾಗ ನನ್ನ ಕಿವಿಯಲ್ಲಿ, "ಒನ್ಸ್ ಮೋರ್ ಅನ್ನಂಗಿಲ್ವಾ ಇಲ್ಲಿ?"

ಅನ್ನಂಗಿಲ್ಲ ಅಮ್ಮ.

ಮೊದಲ ಅಂಕದ ಕೊನೆ ಹತ್ರ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಯಾರ್ಕ್‌ಟೌನ್ ಯುದ್ಧ, 1781. ಕೆಂಪು ಕೋಟಿನ ಸೈನಿಕನೊಬ್ಬ ಬಿಳಿ ಕರವಸ್ತ್ರ ಬೀಸ್ತಾನೆ, ಬ್ರಿಟಿಷರು ಸೋತ್ರು. ಇಂಟರ್ವಲ್‌ನಲ್ಲಿ ನೀರು ಕುಡೀತಾ ಅಮ್ಮನಿಗೆ ಹೇಳಿದೆ: ಅವತ್ತು ಸೋತ ಜನರಲ್ ಯಾರು ಗೊತ್ತಾ? ಕಾರ್ನ್‌ವಾಲಿಸ್. ಅಮ್ಮ ಲೋಟ ಕೆಳಗಿಟ್ರು. "ನಮ್ಮೂರು ಕೋಟೆ ಮುತ್ತಿದ್ನಲ್ಲ, ಅವ್ನಾ?" ಅವನೇ. ಹನ್ನೊಂದು ವರ್ಷಕ್ಕೆ, 1792ರಲ್ಲಿ, ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳನ್ನ ತಗೊಂಡ. "ಇಲ್ಲಿ ಒದೆ ತಿಂದು ಅಲ್ಲಿ ಬಂದು ತೀರಿಸ್ಕೊಂಡ" ಅಂದ್ರು ಅಮ್ಮ. ಎರಡನೇ ಅಂಕ ಪೂರ್ತಿ ಕೆನ್ನೆಗೆ ಕೈ ಕೊಟ್ಟು, ಮೊದಲಿಗಿಂತ ಗಮನ ಇಟ್ಟು ನೋಡಿದ್ರು.

ವಾಪಸ್ ಬಸ್ಸು, ಲಿಂಕನ್ ಟನಲ್. ಅಮ್ಮ ಕಿಟಕಿಗೆ ತಲೆ ಒರಗಿಸಿ, ಮಾತಿಲ್ಲದೆ, ಆ ದೊರೆಯ ಹಾಡನ್ನ ಗುನುಗ್ತಾ ಇದ್ರು. ಎರಡನೇ ಸಾಲಿಗೆ ಎಲ್ಲಿಂದಲೋ ಒಂದು ಕಂಪನಿ ನಾಟಕದ ಗಮಕ ಬಂದು ಸೇರ್ಕೊಂಡಿತ್ತು. ಅದನ್ನ ಮಾತ್ರ ಮೆಲ್ಲಗೆ ರೆಕಾರ್ಡ್ ಮಾಡ್ಕೊಂಡಿದೀನಿ. ಟನಲ್ ಸದ್ದು ಜಾಸ್ತಿ ಇದೆ, ಇಯರ್‌ಫೋನ್ ಹಾಕ್ಕೊಂಡು ಕೇಳಿ.