ಲ್ಯಾಬ್ ಕಂಪ್ಯೂಟರಿಗೆ ಬೇರೆಯದೇ ಭಾಷೆ ಬೇಕೆ?

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ಕಾಲೇಜುಗಳಲ್ಲಿ ಲ್ಯಾಬ್ ನೋಡಿಕೊಳ್ಳುವವರು ಇಲ್ಲಿ ಸುಮಾರು ಜನ ಇದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಂಪ್ಯೂಟರಿನಲ್ಲಿ ಯಾವ ಸಾಫ್ಟ್‌ವೇರ್ ಇರಬೇಕು, ಯಾರಿಗೆ ಲಾಗಿನ್ ಕೊಡಬೇಕು ಎಂಬುದನ್ನೆಲ್ಲ ಫೈಲಿನಲ್ಲಿ ಬರೆದಿಡಲೆಂದೇ ಹುಟ್ಟಿದ ಫಂಕ್ಷನಲ್ ಭಾಷೆಗಳಿವೆ, ಅಂದರೆ ಗಣಿತದ ಸೂತ್ರದ ಹಾಗೆ ಅದೇ ಇನ್‌ಪುಟ್‌ಗೆ ಅದೇ ಉತ್ತರ ಕೊಡುವ ಪ್ರೋಗ್ರಾಮಿಂಗ್ ಭಾಷೆಗಳು. ಅವುಗಳಲ್ಲಿ ಹೆಸರಾದದ್ದು ನಿಕ್ಸ್. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೊ ಡೋಲ್‌ಸ್ಟ್ರಾ 2003ರಲ್ಲಿ ಶುರು ಮಾಡಿದ ಕೆಲಸ ಅದು. 2006ರಲ್ಲಿ ಅದರ ಮೇಲೆಯೇ ಪಿಎಚ್‌ಡಿ ಪಡೆದರು.

ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಅಂದರೆ ಶೆಲ್ ಸ್ಕ್ರಿಪ್ಟ್, 'ಇದು ಮಾಡು, ಆಮೇಲೆ ಅದು ಮಾಡು' ಎನ್ನುತ್ತದೆ. ನಡುವೆ ನಿಂತರೆ ಯಂತ್ರ ಅರ್ಧಂಬರ್ಧ. ನಿಕ್ಸ್‌ಗೆ ನಮಗೆ ಏನು ಬೇಕು ಎಂದಷ್ಟೇ ಹೇಳುತ್ತೇವೆ. ಅದು ಹೊಸದನ್ನು ಬೇರೆ ಫೋಲ್ಡರಿನಲ್ಲೇ ಪೂರ್ತಿ ಕಟ್ಟಿ, ಕೊನೆಗೆ ಒಂದು ಲಿಂಕನ್ನು ಅತ್ತ ತಿರುಗಿಸುತ್ತದೆ. ಬೇಸಿಗೆಯಲ್ಲಿ ನಮ್ಮೂರ ಕರೆಂಟ್ ಗೊತ್ತಲ್ವಾ? ಕಟ್ಟುವಾಗ ಹೋದರೂ ಹಳೆಯ ವ್ಯವಸ್ಥೆ ಹಾಗೇ ಇರುತ್ತದೆ. ನಿಕ್ಸ್ ಮೇಲೆಯೇ ಕಟ್ಟಿದ ನಿಕ್ಸ್ಓಎಸ್ ಎಂಬ ಲಿನಕ್ಸ್ ಹಾಕಿದ್ದರೆ, ಹೊಸದು ಕೈಕೊಟ್ಟಾಗ ಯಂತ್ರ ಶುರುವಾಗುವಾಗ ಬರುವ ಬೂಟ್ ಮೆನುವಿನಲ್ಲಿ ಹಿಂದಿನದನ್ನು ಆರಿಸಿಕೊಂಡರಾಯಿತು. ಡೇಟಾಬೇಸಿನ ಒಳಗಿನ ಮಾಹಿತಿ ಮಾತ್ರ ಹಿಂದಕ್ಕೆ ಬರುವುದಿಲ್ಲ. ಅದಕ್ಕೆ ಬ್ಯಾಕಪ್ ಬೇಕೇ ಬೇಕು.

ಇಷ್ಟಕ್ಕೆ ಎಲ್ಲರೂ ಕಲಿಯುವ ಪೈಥಾನ್ ಭಾಷೆ ಸಾಲದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪೈಥಾನ್ ಪ್ರೋಗ್ರಾಂ ಗಡಿಯಾರ ನೋಡಬಹುದು, ನೆಟ್‌ನಿಂದ ಏನೋ ತರಬಹುದು. ಇವತ್ತು ಬಂದ ಉತ್ತರ ನಾಳೆ ಬರಲಿಕ್ಕಿಲ್ಲ. ಇಂಥದ್ದಕ್ಕೆ ಸುಲಭವಾಗಿ ಬಿಡದೆ ಕೈ ಕಟ್ಟಿಹಾಕಿದ ನಿಕ್ಸ್‌ನಂಥ ಭಾಷೆಯ ಲಾಭ ಇರುವುದೇ ಇಲ್ಲಿ. ಡಾಲ್ ಎನ್ನುವ ಭಾಷೆ ಇನ್ನೂ ಕಟ್ಟುನಿಟ್ಟು. ಅದರಲ್ಲಿ ಬರೆದದ್ದು ಕೊನೆಯಿಲ್ಲದೆ ಸುತ್ತಲು ಸಾಧ್ಯವೇ ಇಲ್ಲ, ಅಂಕಿ ಇರಬೇಕಾದಲ್ಲಿ ಅಕ್ಷರ ಬರೆದಂಥ 'ಟೈಪ್' ತಪ್ಪಿದ್ದರೆ ಮೊದಲೇ ಹಿಡಿಯುತ್ತದೆ.

ನಿಕ್ಸ್ ಹಾಗೆ ಹಿಡಿಯುವುದಿಲ್ಲ, ನನ್ನ ದೊಡ್ಡ ತಕರಾರು ಅದು. ಬೇಕಾದಾಗ ಮಾತ್ರ ಲೆಕ್ಕ ಹಾಕುವ ಸೋಮಾರಿ ಭಾಷೆ ಅದು. ಅದರ ಭಂಡಾರದಲ್ಲಿ 1 ಲಕ್ಷಕ್ಕೂ ಜಾಸ್ತಿ ಪ್ಯಾಕೇಜ್‌ಗಳಿವೆ. ಎಲ್ಲವನ್ನೂ ಲೆಕ್ಕ ಹಾಕುತ್ತಾ ಕೂತರೆ ಕೆಲಸ ನಡೆಯುವುದಿಲ್ಲ, ಆದ್ದರಿಂದ ಸೋಮಾರಿತನ ಬೇಕು. ಆದರೆ ತಪ್ಪು ಮಾಡಿದ ಸಾಲು ಒಂದು, ದೂರು ಬರುವುದು ಇನ್ನೆಲ್ಲೋ. ನೀವು ಬರೆದೇ ಇಲ್ಲದ ಫೈಲುಗಳ ಹೆಸರು ಉದ್ದಕ್ಕೆ ಬರುತ್ತವೆ. ಹೊಸಬರು ಓಡಿಹೋಗುವುದೇ ಅಲ್ಲಿ. ಡಿಸ್ಕ್ ತುಂಬುವುದೂ ಇದೆ, ಆದರೆ ಹಳೆಯದನ್ನು ಗುಡಿಸಲು ಒಂದು ಕಮಾಂಡ್ ಸಾಕು.

ಇನ್ನೊಂದು ತೊಂದರೆ ನಮ್ಮ ಕಡೆಯದು. ಇದನ್ನು ಕಲಿತ ಹುಡುಗ ವರ್ಷದೊಳಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗುತ್ತಾನೆ. ಹೋಗಲಿ, ಒಳ್ಳೆಯದೇ. ಹಿಂದೆ ಉಳಿದ ಫೈಲನ್ನು ಓದುವವರು ಯಾರು? ಕಾಲೇಜಿನಲ್ಲಿ ಪೈಥಾನ್ ಬಲ್ಲವರು ನಾಳೆಯೂ ಸಿಗುತ್ತಾರೆ, ನಿಕ್ಸ್ ಬಲ್ಲವರು ಸಿಗುವುದಿಲ್ಲ. 2012ರಲ್ಲಿ ಬಂದ ಗೀಕ್ಸ್ (Guix) ಎನ್ನುವ ಸಾಫ್ಟ್‌ವೇರ್ ನಿಕ್ಸ್‌ನ ಇದೇ ವಿಚಾರವನ್ನು ಸ್ಕೀಮ್ ಭಾಷೆಯಲ್ಲಿ ಮಾಡಿತು. ಸ್ಕೀಮ್ ಎಲ್ಲ ಕೆಲಸಕ್ಕೂ ಬರುವ ಹಳೆಯ ಭಾಷೆ, ಪುಸ್ತಕಗಳೂ ಬೇಕಾದಷ್ಟಿವೆ. ಪಾಠಕ್ಕೆ ನನಗೆ ಅದೇ ಇಷ್ಟ.

ಹಾಗಾದರೆ ನಿಮಗೆ ಬೇಕೆ? ಎಲ್ಲ ಯಂತ್ರಗಳೂ ಒಂದೇ ಥರ ಇರಬೇಕಾದ ಲಿನಕ್ಸ್ ಲ್ಯಾಬ್ ಇದ್ದರೆ ಹಾಕಿ. ಆದರೆ ಕಾಯಂ ಸಿಬ್ಬಂದಿಯಲ್ಲಿ ಇಬ್ಬರಿಗಾದರೂ ಮೊದಲು ಕಲಿಸಿ. ಆಫೀಸಿನಲ್ಲಿ ಒಂದೇ ಒಂದು ಸರ್ವರ್ ಇದ್ದು, ಅದೂ ವರ್ಷಕ್ಕೊಮ್ಮೆ ಮುಟ್ಟುವಂಥದ್ದಾದರೆ ಸುಮ್ನೆ ಯಾಕೆ? ಶೆಲ್ ಸ್ಕ್ರಿಪ್ಟೇ ಇರಲಿ.