ಗಿರಣಿಯ ಚೀಟಿ ಮತ್ತು ಉಣಕಲ್ ಕೆರೆಯ ಗೆರೆಗಳು

ಕೇಳುಗರಿಗೆ ನಮಸ್ಕಾರ.

ಧಾರವಾಡದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಶನಿವಾರ ಸಾಲಿ ಬಿಟ್ಟು ಮನೆಗೆ ಬಂದರೆ ಅವ್ವ ಜೋಳದ ಡಬ್ಬಿ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಹೋದರೆ ಅಲ್ಲಿ ಆಗಲೇ ಇಪ್ಪತ್ತು ಡಬ್ಬಿಗಳ ಪಾಳಿ. ಗಿರಣಿ ಕಾಕಾ ನಂಬರು ಬರೆದ ಚೀಟಿಯೊಂದನ್ನು ಡಬ್ಬಿಯ ಮುಚ್ಚಳಕ್ಕೆ ಸಿಗಿಸಿ, ಅದೇ ನಂಬರಿನ ಇನ್ನೊಂದು ಚೀಟಿ ನನಗೆ ಕೊಡುತ್ತಿದ್ದ. "ಡಬ್ಬಿ ಇಟ್ಟ ಹೋಗ ತಮ್ಮಾ, ತಾಸ ಬಿಟ್ಟ ಬಾ." ನಾನು ಗೋಲಿ ಆಡಲು ಓಡುತ್ತಿದ್ದೆ. ಬೀಸುವ ಕೆಲಸ ನಾನಿಲ್ಲದೆಯೇ ನಡೆಯುತ್ತಿತ್ತು.

ದೊಡ್ಡವನಾದ ಮೇಲೆ ಹೊಟ್ಟೆಪಾಡಿಗೆ ನಾನು ಹಿಡಿದ ಕೆಲಸ ಗ್ರಾಫಿಕ್ಸ್ ಡ್ರೈವರ್ ಬರೆಯುವುದು. ಅಂದರೆ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಚಿತ್ರ ತಯಾರಿಸುವ ಜಿಪಿಯು ಎಂಬ ಚಿಪ್ಪನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಜೋಡಿಸುವ ತಂತ್ರಾಂಶ. ಅದು ಇರುವುದು ಕರ್ನಲ್ ಒಳಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ. ನಾನು ಹೇಳುವುದೆಲ್ಲ ಲಿನಕ್ಸ್ ಕರ್ನಲ್ ಬಗ್ಗೆ. ಅದರ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ಆಂಡ್ರಾಯ್ಡ್ ಫೋನುಗಳ ಒಳಗೂ ಓಡುವುದು ಅದೇ.

ಗ್ರಾಫಿಕ್ಸ್ ಡ್ರೈವರ್ ಅಂದರೆ ಚಿತ್ರ ಬಿಡಿಸುವುದು ಅಂತ ಜನ ತಿಳಿದಿದ್ದಾರೆ. ಅದು ಒಂದು ಗೆರೆಯನ್ನೂ ಎಳೆಯುವುದಿಲ್ಲ. ನಿಮ್ಮ ಗೇಮೋ ಬ್ರೌಸರೋ ತನಗೆ ಬೇಕಾದ್ದನ್ನು ಮೆಸಾ ಎಂಬಂಥ ಒಂದು ಲೈಬ್ರರಿಗೆ, ಅಂದರೆ ಸಿದ್ಧ ಕೋಡಿನ ಒಂದು ಕಂತೆಗೆ, ಹೇಳುತ್ತದೆ. ಆ ಲೈಬ್ರರಿ ಅದನ್ನೆಲ್ಲ ಚಿಪ್ಪಿನ ಭಾಷೆಯಲ್ಲಿ ಅಪ್ಪಣೆಗಳಾಗಿ ಬರೆದು, ಮೆಮೊರಿಯ ಒಂದು ತುಂಡಿನಲ್ಲಿ ಸಾಲಾಗಿ ಇಡುತ್ತದೆ. ಹೀಗೆ ಒಂದು ಕೆಲಸಕ್ಕೆಂದು ಎತ್ತಿಟ್ಟ ಮೆಮೊರಿ ತುಂಡಿಗೆ ಬಫರ್ ಅನ್ನುತ್ತಾರೆ. ಆಮೇಲೆ ಕರ್ನಲ್ಲಿಗೆ ಬರುವ ಮಾತು ಇಷ್ಟೇ: ಅಪ್ಪಣೆಗಳು ಈ ಬಫರಿನಲ್ಲಿವೆ, ಅವಕ್ಕೆ ಬೇಕಾದ ಉಳಿದ ಬಫರುಗಳ ಪಟ್ಟಿ ಇದು, ಓಡಿಸು. ಏನು ಚಿತ್ರ, ಎಂಥ ಬಣ್ಣ, ಡ್ರೈವರಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ನಮ್ಮ ಅವ್ವ ಆ ಹಿಟ್ಟಿನಿಂದ ರೊಟ್ಟಿ ಬಡಿಯುತ್ತಾಳೋ ನುಚ್ಚು ಮಾಡುತ್ತಾಳೋ ಅಂತ ಗಿರಣಿ ಕಾಕಾ ಯಾವತ್ತಾದರೂ ಕೇಳಿದ್ದನಾ?

ಹಾಗಾದರೆ ಡ್ರೈವರ್ ಮಾಡುವುದೇನು? ಪಾಳಿ ನೋಡಿಕೊಳ್ಳುವುದು, ಡಬ್ಬಿ ಕಾಯುವುದು.

ಮೊದಲು ಪಾಳಿ. ಮೆಮೊರಿಯಲ್ಲಿ ರಿಂಗ್ ಎಂಬ ಒಂದು ಜಾಗ ಇರುತ್ತದೆ. ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬರುವ ಹಾಗೆ, ಗಾಣದ ಎತ್ತು ಸುತ್ತಿದಂತೆ, ಅದರಲ್ಲಿ ಎರಡು ಗುರುತುಗಳು ಸುತ್ತುತ್ತವೆ. ಒಂದು, ಡ್ರೈವರ್ ಹೊಸ ಕೆಲಸ ಬರೆಯುವ ಜಾಗ. ಇನ್ನೊಂದು, ಜಿಪಿಯು ಓದುತ್ತಿರುವ ಜಾಗ. ಡ್ರೈವರ್ ಇಲ್ಲಿ ಅಪ್ಪಣೆಗಳನ್ನೆಲ್ಲ ಮತ್ತೆ ಬರೆಯುವುದಿಲ್ಲ, ಅವು ಇಂಥ ವಿಳಾಸದಲ್ಲಿವೆ ಅಂತ ಬರೆದು, ತನ್ನ ಗುರುತನ್ನು ಮುಂದೆ ಸರಿಸಿ, ಚಿಪ್ಪಿನ ಒಂದು ರಿಜಿಸ್ಟರನ್ನು, ಅಂದರೆ ಚಿಪ್ಪಿನೊಳಗೇ ಇರುವ ಒಂದು ಪುಟ್ಟ ಬರೆಯುವ ಜಾಗವನ್ನು, ಮುಟ್ಟುತ್ತದೆ. ಕೆಲವು ಚಿಪ್ಪುಗಳಲ್ಲಿ ಅದಕ್ಕೆ ಡೋರ್‌ಬೆಲ್ ಅಂತಲೇ ಹೆಸರು. ಬೆಲ್ ಒತ್ತಿದರೆ ಸಾಕು, ಬಾಗಿಲಲ್ಲಿ ನಿಂತು ಕಾಯುವ ಹಾಗಿಲ್ಲ. ಪ್ರೋಗ್ರಾಮು ಆಗಲೇ ಮುಂದಿನ ಚಿತ್ರದ ತಯಾರಿಗೆ ಹೊರಟಿರುತ್ತದೆ. ಗೋಲಿ ಆಡಲು ಹೋದ ಹುಡುಗನ ಹಾಗೆ ಅನ್ನಿ.

ಕೆಲಸ ಮುಗಿದದ್ದು ಗೊತ್ತಾಗುವುದಕ್ಕೆ ಇಲ್ಲೂ ಒಂದು ಚೀಟಿ ಇದೆ. ಪ್ರತಿ ಕೆಲಸಕ್ಕೂ ಏರುತ್ತಾ ಹೋಗುವ ಒಂದು ನಂಬರು. ಅಪ್ಪಣೆಗಳ ಕೊನೆಯಲ್ಲಿ ಡ್ರೈವರ್ ಇನ್ನೊಂದು ಅಪ್ಪಣೆ ಸೇರಿಸಿರುತ್ತದೆ: ಇದು ಮುಗಿದ ಮೇಲೆ ಈ ನಂಬರನ್ನು ಇಂಥ ಜಾಗದಲ್ಲಿ ಬರೆದು ನನ್ನನ್ನು ಕೂಗು. ಆ ಜಾಗದಲ್ಲಿ 412 ಕಂಡಿತು ಅಂದರೆ ಆ ಪಾಳಿಯಲ್ಲಿ 412ರ ತನಕ ಎಲ್ಲ ಮುಗಿದಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಫೆನ್ಸ್ ಅನ್ನುತ್ತಾರೆ, ಅಂದರೆ ಬೇಲಿ. ನನಗೇನೋ ಚೀಟಿ ಅನ್ನುವುದೇ ಸರಿ ಅನಿಸುತ್ತದೆ.

ಗಿರಣಿಯಲ್ಲಿ ಜೋಳದ ಕಲ್ಲು ಬೇರೆ, ಖಾರ ಕುಟ್ಟುವ ಮಶೀನು ಬೇರೆ, ಅಲ್ವಾ? ಜಿಪಿಯುನಲ್ಲೂ ಒತ್ತಿಟ್ಟ ವಿಡಿಯೊವನ್ನು ಬಿಚ್ಚುವ ಭಾಗ ಬೇರೆ, ಚಿತ್ರ ತಯಾರಿಸುವ ಭಾಗ ಬೇರೆ, ಸುಮ್ನೆ ನಕಲು ಮಾಡುವ ಭಾಗ ಬೇರೆ. ಒಂದೊಂದಕ್ಕೂ ಅದರದ್ದೇ ಪಾಳಿ. ಒಂದು ಪಾಳಿಯ ಕೆಲಸ ಇನ್ನೊಂದು ಪಾಳಿಯ ಚೀಟಿಗೆ ಕಾಯಬಹುದು. ವಿಡಿಯೊ ಭಾಗದ 88ನೇ ಚೀಟಿ ಮುಗಿಯುವ ತನಕ ಈ ಕೆಲಸ ಎತ್ತಬೇಡ ಅಂತ ಹೇಳಿಟ್ಟರೆ ಆಯಿತು.

ಇನ್ನು ಡಬ್ಬಿಗಳು. ನನ್ನ ಅನುಭವದಲ್ಲಿ ತಲೆನೋವು ಜಾಸ್ತಿ ಇರುವುದು ಇಲ್ಲೇ.

ಸ್ವಲ್ಪ ಲೆಕ್ಕ ಮಾಡೋಣ. ಈಗಿನ ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1,920 ಚುಕ್ಕೆ, ಉದ್ದಕ್ಕೆ 1,080 ಚುಕ್ಕೆ. ಒಂದು ಚುಕ್ಕೆಗೆ 4 ಬೈಟ್ ಅಂದರೆ ಒಂದು ಚಿತ್ರಕ್ಕೆ 82,94,400 ಬೈಟ್. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಸುಮಾರು 50 ಕೋಟಿ ಬೈಟ್. ಇಷ್ಟನ್ನು ಅಲ್ಲಿಂದ ಇಲ್ಲಿಗೆ ನಕಲು ಮಾಡುತ್ತಾ ಕೂತರೆ ಮೊಬೈಲಿನ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಹಾಗಾಗಿ ಚಿತ್ರ ಇದ್ದಲ್ಲೇ ಇರುತ್ತದೆ, ಅದರ ಹಕ್ಕು ಮಾತ್ರ ಕೈ ಬದಲಾಗುತ್ತದೆ.

ಮೆಮೊರಿ ಸಿಗುವುದು ಸಾಮಾನ್ಯವಾಗಿ 4 ಕಿಲೊಬೈಟಿನ ಪುಟಗಳಾಗಿ. ಆ ಒಂದು ಚಿತ್ರಕ್ಕೆ ಸರಿಯಾಗಿ 2,025 ಪುಟ ಬೇಕು. ಅವು ಒಂದರ ಪಕ್ಕ ಒಂದು ಸಿಗುವುದಿಲ್ಲ, ಊರೆಲ್ಲ ಚದುರಿರುತ್ತವೆ. ಡ್ರೈವರ್ ಜಿಪಿಯುಗೆ ಅದರದ್ದೇ ಒಂದು ಪುಟಗಳ ಪಟ್ಟಿ ಮಾಡಿಕೊಟ್ಟು, ಎಲ್ಲ ಒಂದೇ ಸಾಲಿನಲ್ಲಿವೆ ಎಂದು ನಂಬಿಸುತ್ತದೆ.

2008ರಲ್ಲಿ ಇಂಟೆಲ್‌ನ ಕೀತ್ ಪ್ಯಾಕರ್ಡ್ ಮತ್ತು ಎರಿಕ್ ಆನ್‌ಹೋಲ್ಟ್ ಈ ಬಫರುಗಳನ್ನು ನೋಡಿಕೊಳ್ಳಲು ಜೆಮ್ ಎಂಬ ವ್ಯವಸ್ಥೆ ತಂದರು. ಪ್ರೋಗ್ರಾಮಿಗೆ ಬಫರಿನ ನಿಜವಾದ ವಿಳಾಸ ಕೊಡುವುದಿಲ್ಲ, ಒಂದು ಸಣ್ಣ ನಂಬರು ಕೊಡುತ್ತಾರೆ. ನನ್ನ 5ನೇ ನಂಬರೇ ಬೇರೆ, ನಿಮ್ಮ 5ನೇ ನಂಬರೇ ಬೇರೆ. ಇಬ್ಬರು ಒಂದೇ ಬಫರನ್ನು ಹಂಚಿಕೊಳ್ಳಲು ಮೊದಮೊದಲು ಎಲ್ಲರಿಗೂ ಅನ್ವಯಿಸುವ ಒಂದು ಸಾಮಾನ್ಯ ನಂಬರು ಇತ್ತು. ಅದನ್ನು ಯಾರಾದರೂ ಊಹಿಸಬಹುದಿತ್ತು. ಒಂದು ಪ್ರೋಗ್ರಾಮು ಇನ್ನೊಂದರ ಕಿಟಕಿಯಲ್ಲಿ ಇಣುಕಲು ಅಷ್ಟು ಸಾಕು. 2012ರ ಲಿನಕ್ಸ್ 3.3ರಲ್ಲಿ ಬಫರ್ ಹಂಚಿಕೊಳ್ಳಲು ಡಿಎಂಎ-ಬಫ್ ಎಂಬ ಬೇರೆ ದಾರಿ ಬಂತು. ಬರೆದವರು ನಮ್ಮ ದೇಶದವರೇ, ಸುಮಿತ್ ಸೆಮ್ವಾಲ್. ಇದರಲ್ಲಿ ಬಫರನ್ನು ಕೈಯಿಂದ ಕೈಗೆ ಕೊಟ್ಟರೆ ಮಾತ್ರ ಇನ್ನೊಬ್ಬರಿಗೆ ಸಿಗುತ್ತದೆ. ಕ್ಯಾಮೆರಾ ತೆಗೆದ ಚಿತ್ರ ನಕಲಾಗದೆ ಜಿಪಿಯುಗೆ, ಅಲ್ಲಿಂದ ಪರದೆಗೆ ಹೋಗುವುದು ಈ ದಾರಿಯಲ್ಲೇ.

ಕೆಲವು ಗ್ರಾಫಿಕ್ಸ್ ಕಾರ್ಡುಗಳಿಗೆ ಸ್ವಂತ ಮೆಮೊರಿ ಇರುತ್ತದೆ. 4 ಗಿಗಾಬೈಟಿನ ಕಾರ್ಡಿಗೆ ಮೂರು ಪ್ರೋಗ್ರಾಮುಗಳು ಬಂದು ತಲಾ 2 ಕೇಳಿದರೆ? ಡ್ರೈವರ್ ಇಲ್ಲ ಅನ್ನುವುದಿಲ್ಲ. ಸದ್ಯಕ್ಕೆ ಬೇಡದ ಬಫರುಗಳನ್ನು ಕಂಪ್ಯೂಟರಿನ ಮೆಮೊರಿಗೆ ಹೊತ್ತು ಹಾಕಿ ಜಾಗ ಮಾಡುತ್ತದೆ. ಆದರೆ ಹೊರುವ ಮೊದಲು ಚೀಟಿ ನೋಡಲೇಬೇಕು. ಜಿಪಿಯು ಇನ್ನೂ ಓದುತ್ತಿರುವಾಗ ಬಫರ್ ಎತ್ತಿದರೆ, ಕಲ್ಲು ತಿರುಗುತ್ತಿರುವಾಗ ಕೆಳಗಿನ ಡಬ್ಬಿ ಎಳೆದಂತೆ. ಹಿಟ್ಟೆಲ್ಲ ನೆಲಕ್ಕೆ. ನೀವು ಪ್ರೋಗ್ರಾಮನ್ನು ಮುಚ್ಚಿದರೂ ಅದರ ಬಫರು ಚೀಟಿ ಮುಗಿಯುವ ತನಕ ಸಾಯುವ ಹಾಗಿಲ್ಲ.

ಒಂದು ಕೆಲಸಕ್ಕೆ ನೂರಾರು ಬಫರು ಬೇಕಾಗಬಹುದು, ಎಲ್ಲಕ್ಕೂ ಒಟ್ಟಿಗೆ ಬೀಗ ಹಾಕಬೇಕು. ನಾನು ಮೊದಲನೆಯದನ್ನು ಹಿಡಿದು ಎರಡನೆಯದಕ್ಕೆ ಕಾಯುತ್ತೇನೆ, ನೀವು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತೀರಿ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಿನ ಸಣ್ಣ ಗಲ್ಲಿಗಳಲ್ಲಿ ಎರಡು ಆಟೊ ಎದುರಾದಾಗ ಆಗುವುದು ಇದೇ. ಅಲ್ಲಿ ದನಿ ದೊಡ್ಡದಿದ್ದವನು ಗೆಲ್ಲುತ್ತಾನೆ. ಕರ್ನಲ್ಲಿನಲ್ಲಿ 2013ರಿಂದ ಇದಕ್ಕೊಂದು ಕಟ್ಟಳೆ ಇದೆ. ಆಮೇಲೆ ಬಂದವನು ಹಿಡಿದದ್ದನ್ನೆಲ್ಲ ಬಿಟ್ಟು ಹಿಂದಕ್ಕೆ ಸರಿಯಬೇಕು, ಮತ್ತೆ ಮೊದಲಿನಿಂದ ಹಿಡಿಯುತ್ತಾ ಬರಬೇಕು. ಆದರೆ ಅವನ ಹಳೇ ಪಾಳಿ ನಂಬರು ಹೋಗುವುದಿಲ್ಲ. ಹಾಗಾಗಿ ಎಂದಾದರೂ ಅವನೇ ಹಳಬನಾಗುತ್ತಾನೆ, ಅವನ ಕೆಲಸವೂ ಆಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಹೊಸಬರು ಎಡವುವುದು ಇಲ್ಲಿಯೇ, ನಾನೂ ಎಡವಿದ್ದೇನೆ. ಚೀಟಿ ಕೊಟ್ಟ ಮೇಲೆ ಕೆಲಸ ಮುಗಿಯುವ ತನಕದ ದಾರಿಯಲ್ಲಿ ಡ್ರೈವರ್ ಎಂದಿನಂತೆ ಹೊಸ ಮೆಮೊರಿ ಕೇಳುತ್ತಾ ಕೂರಬಾರದು. ಏಕೆಂದರೆ ಮೆಮೊರಿ ಸಾಲದೆ ಬಂದಾಗ ಕರ್ನಲ್ ಎಲ್ಲರ ಹತ್ತಿರ ಹೋಗಿ ಏನಾದರೂ ಬಿಟ್ಟುಕೊಡಿ ಅನ್ನುತ್ತದೆ. ಗ್ರಾಫಿಕ್ಸಿನ ಬಫರು ಬಿಡಬೇಕಾದರೆ ಅದರ ಚೀಟಿ ಮುಗಿಯಬೇಕು. ಚೀಟಿ ಮುಗಿಯಲು ಡ್ರೈವರಿಗೆ ಮೆಮೊರಿ ಬೇಕು. ಅಲ್ಲಿಗೆ ಎಲ್ಲ ನಿಂತುಹೋಯಿತು. ಏನೇನು ಬೇಕೋ ಅದನ್ನೆಲ್ಲ ಚೀಟಿ ಹರಿದು ಕೊಡುವ ಮೊದಲೇ ಒದಗಿಸಿಕೊಳ್ಳಬೇಕು.

ಜಿಪಿಯುವೇ ಕೈ ಕೊಟ್ಟರೆ? ತಪ್ಪು ಬರೆದ ಪ್ರೋಗ್ರಾಮು ಕೊನೆಯಿಲ್ಲದೆ ಸುತ್ತುವುದುಂಟು. ಡ್ರೈವರ್ ಒಂದು ಗಡುವು ಇಟ್ಟುಕೊಂಡಿರುತ್ತದೆ. ಅದು ದಾಟಿದರೆ ಚಿಪ್ಪನ್ನು ರಿಸೆಟ್ ಮಾಡಿ, ತಪ್ಪು ಮಾಡಿದ ಕೆಲಸವನ್ನು ಎಸೆದು, ಅದರ ಚೀಟಿಯನ್ನು ದೋಷ ಎಂದು ಬರೆದು ಮುಗಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂದದ್ದನ್ನು ನೀವು ನೋಡಿದ್ದರೆ, ಒಳಗೆ ಇದೇ ನಡೆದಿರಬಹುದು.

ಕೊನೆಗೆ ಒಂದು ನನ್ನದೇ ಎಡವಟ್ಟು ಹೇಳಿಬಿಡುತ್ತೇನೆ.

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿದ್ದಾಗ, ಅಂಗೈ ಅಗಲದ ಒಂದು ಬೋರ್ಡಿಗೆ ಪರದೆ ಜೋಡಿಸುವ ಕೆಲಸ ನನಗೆ ಬಂತು. ಮೊದಲು ಪರದೆಗೆಲ್ಲ ಬಿಳಿ ಬಣ್ಣ ಹಾಕಿ ನೋಡುತ್ತಿದ್ದೆ, ಆಮೇಲೆ ಅದೇ ಬಫರಿನಲ್ಲಿ ಉಣಕಲ್ ಕೆರೆಯ ಒಂದು ಫೋಟೊ ಬರೆಯುತ್ತಿದ್ದೆ. ಫೋಟೊ ಬಂತು. ಆದರೆ ಕೆಳಗೆ ನೀರಿನ ಮೇಲೆ ಸಣ್ಣ ಸಣ್ಣ ಬಿಳಿ ಗೆರೆಗಳು. ಪಕ್ಕದಲ್ಲಿ ಕೂತಿದ್ದ ಗೆಳೆಯ ನೋಡಿ, "ಕೆರಿ ಅಂದಮ್ಯಾಲೆ ಅಲಿ ಇರತಾವ ಬಿಡೋ" ಅಂದ. ನಾನೂ ಅರ್ಧ ದಿನ ಅದನ್ನೇ ನಂಬಿದ್ದೆ ಅಂತ ಹೇಳಲು ನಾಚಿಕೆಯಾಗುತ್ತದೆ.

ಆ ಗೆರೆಗಳು ಪ್ರತಿ ಸಲ ಬೇರೆ ಬೇರೆ ಕಡೆ ಬರುತ್ತಿದ್ದವು. ನೋಡುತ್ತಾ ಇದ್ದರೆ ಒಂದೊಂದಾಗಿ ಮಾಯವಾಗುತ್ತಿದ್ದವು. ಇನ್ನೊಂದು ವಿಚಿತ್ರ: ಸ್ಕ್ರೀನ್‌ಶಾಟ್ ತೆಗೆದರೆ ಒಂದು ಗೆರೆಯೂ ಇಲ್ಲ, ಮೊಬೈಲಿನಲ್ಲಿ ಪರದೆಯ ಫೋಟೊ ಹೊಡೆದರೆ ಇವೆ! ಆ ಮೊಬೈಲ್ ಫೋಟೊವನ್ನು ದೊಡ್ಡದು ಮಾಡಿ ಎಣಿಸಿದೆ. ಗೆರೆಗಳು ಒಂದೋ 16 ಚುಕ್ಕೆ ಉದ್ದ, ಇಲ್ಲವೆಂದರೆ 32. ನಡುವಿನ ಅಳತೆ ಒಂದೂ ಇಲ್ಲ.

ಒಂದು ಚುಕ್ಕೆಗೆ 4 ಬೈಟ್, ಹದಿನಾರು ನಾಲ್ಕಲೆ ಅರವತ್ತನಾಲ್ಕು. ಆ ಪ್ರೊಸೆಸರ್ ತನ್ನ ಕ್ಯಾಶ್ ಮೆಮೊರಿಯಲ್ಲಿ, ಅಂದರೆ ತನ್ನ ಪಕ್ಕದಲ್ಲೇ ಇಟ್ಟುಕೊಂಡ ಸಣ್ಣ, ಚುರುಕಾದ ಮೆಮೊರಿಯಲ್ಲಿ, ಒಂದು ಸಲಕ್ಕೆ ಹಿಡಿಯುವುದು ಸರಿಯಾಗಿ 64 ಬೈಟ್. ನನ್ನ ಪ್ರೋಗ್ರಾಮು ಫೋಟೊ ಪೂರ್ತಿ ಬರೆದಿತ್ತು, ಆದರೆ ಕೊನೆಯಲ್ಲಿ ಬರೆದದ್ದು ಇನ್ನೂ ಕ್ಯಾಶಿನಲ್ಲೇ ಕೂತಿತ್ತು, ಮೆಮೊರಿಗೆ ಇಳಿದಿರಲಿಲ್ಲ. ಪರದೆ ನೇರವಾಗಿ ಮೆಮೊರಿಯಿಂದ ಓದುವುದು. ಅಲ್ಲಿ ಅದಕ್ಕೆ ಸಿಕ್ಕಿದ್ದು ಹಳೇ ಬಿಳಿ ಬಣ್ಣ. ಸ್ಕ್ರೀನ್‌ಶಾಟ್ ತೆಗೆಯುವುದು ಪ್ರೊಸೆಸರೇ, ಅದು ತನ್ನ ಕ್ಯಾಶಿನಿಂದಲೇ ಓದಿಕೊಂಡು ಎಲ್ಲ ಸರಿ ಇದೆ ಅನ್ನುತ್ತಿತ್ತು. ಕ್ಯಾಶ್ ಇದ್ದದ್ದು 512 ಕಿಲೊಬೈಟ್. ಒಂದು ಸಾಲಿಗೆ 7,680 ಬೈಟಿನಂತೆ ಅದರಲ್ಲಿ ಅರವತ್ತೆಂಟು ಸಾಲು ಹಿಡಿಯುತ್ತವೆ. ಗೆರೆಗಳು ಫೋಟೊದ ಬುಡದ ಅಷ್ಟೇ ಪಟ್ಟಿಯಲ್ಲಿದ್ದವು. ಅಲ್ಲಿ ನೀರಿತ್ತು ಅನ್ನುವುದು ಮಾತ್ರ ನನ್ನ ಗ್ರಹಚಾರ.

ಬಫರನ್ನು ಪರದೆಗೆ ಒಪ್ಪಿಸುವ ಮೊದಲು ಕ್ಯಾಶಿನಲ್ಲಿ ಇರುವುದನ್ನು ಮೆಮೊರಿಗೆ ಇಳಿಸು ಅನ್ನುವ ಒಂದು ಸಾಲು ಬಿಟ್ಟುಹೋಗಿತ್ತು. ಸೇರಿಸಿದೆ. ಗೆರೆಗಳು ಹೋದವು. ಗೆಳೆಯನನ್ನು ಕರೆದು ತೋರಿಸಿದೆ. ಅವನು ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿ ಅಂದ: "ಮದಲೇ ಛಲೋ ಇತ್ತಲ್ಲೋ. ಈಗ ನಿಂತ ನೀರಾಗೇತಿ."

ನಮಸ್ಕಾರ.